28 ಮನೆ, 16 ಕೈ: ಬಹುಮತ ಬಂದರೆ ಸಾಕಾ?

ಗಣಿತದ ಟೀಚರ್, ಮುಲುಂಡ್:

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮ ಸೊಸೈಟಿಯ ಮೀಟಿಂಗ್ ಇತ್ತು. ಕಟ್ಟಡಕ್ಕೆ ನಲವತ್ತು ವರ್ಷ ದಾಟಿದೆ. ಸ್ಲ್ಯಾಬಿನ ಕಬ್ಬಿಣ ಹೊರಗೆ ಕಾಣುತ್ತದೆ, ಮಳೆಗಾಲದಲ್ಲಿ ಮೆಟ್ಟಿಲ ಹತ್ತಿರ ಬಕೆಟ್ ಇಡಬೇಕು. ರಿಡೆವಲಪ್‌ಮೆಂಟಿಗೆ, ಅಂದರೆ ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟಲು, ಕೊಡೋದಾ ಬೇಡವಾ ಅನ್ನೋದು ವಿಷಯ. ಒಟ್ಟು 28 ಮನೆ. 16 ಮನೆಯವರು ಕೈ ಎತ್ತಿದರು, 12 ಮನೆಯವರು ಎತ್ತಲಿಲ್ಲ. ಮಹಾರಾಷ್ಟ್ರದ 2019ರ ನಿಯಮದ ಪ್ರಕಾರ ಒಟ್ಟು ಸದಸ್ಯರಲ್ಲಿ ಶೇಕಡಾ 51 ಒಪ್ಪಿದರೆ ಸಾಕು. ನಮಗೆ 57 ಬಂತು. ಠರಾವು ಪಾಸಾಯಿತು.

ಮೂರನೇ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. 78 ವರ್ಷ, ಒಬ್ಬರೇ ಇರುವುದು. ಅವರು ಎದ್ದು ನಿಂತು ಹೇಳಿದರು: "ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿ ಇರಿ, ಆಮೇಲೆ ಹೊಸ ಮನೆ ಅಂತೀರಿ. ಆ ನಾಲ್ಕು ವರ್ಷ ನನ್ನ ಹತ್ತಿರ ಇದೆಯಾ?" ಯಾರೂ ಉತ್ತರ ಕೊಡಲಿಲ್ಲ. ಸೆಕ್ರೆಟರಿ ತಲೆ ಬಗ್ಗಿಸಿ ರಿಜಿಸ್ಟರಿನಲ್ಲಿ 16, 12 ಅಂತ ಬರೆದರು. ಆಮೇಲೆ ಚಹಾ ಬಂತು.

ಕೈ ಎತ್ತಿದ 16 ಜನರಲ್ಲಿ ನಾನೂ ಒಬ್ಬಳು. ಕಟ್ಟಡ ಬೀಳುವ ಮೊದಲು ಇಳಿಯಬೇಕು ಅಂತ ನನಗೆ ಈಗಲೂ ಅನಿಸುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಶೇಕಡಾ ಲೆಕ್ಕ ಕಲಿಸಿದವಳು, ಲೆಕ್ಕದಲ್ಲಿ ತಪ್ಪಿಲ್ಲ ಅಂತ ಗೊತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ದೇಶ ನಡೆಯುವುದೂ ಹೀಗೇ ಅಲ್ವಾ? ಪ್ರಜಾಪ್ರಭುತ್ವದ ನಿಜವಾದ ಕೊರತೆ ಏನು ಅಂತ ನಿಮ್ಮನ್ನು ಕೇಳಬೇಕು ಅನಿಸಿತು. ದಯವಿಟ್ಟು "ಎಲ್ಲ ರಾಜಕಾರಣಿಗಳೂ ಕಳ್ಳರು" ಅಂತ ಬರೆದು ಮುಗಿಸಬೇಡಿ. ಒಳ್ಳೆಯವರೇ ಇದ್ದರೂ ಈ ಪದ್ಧತಿ ಎಲ್ಲಿ ಕೈ ಕೊಡುತ್ತದೆ? ಅದು ಹೇಳಿ.

ಪುಣೆ ಇಂಜಿನಿಯರ್, ಊರು ವಿಜಯಪುರ:

ಟೀಚರ್, ನೇರವಾಗಿ ಹೇಳುತ್ತೇನೆ. ತಿಳಿದವನ ಓಟಿಗೂ ತಿಳಿಯದವನ ಓಟಿಗೂ ಒಂದೇ ತೂಕ. ದೊಡ್ಡ ಕೊರತೆ ಇದೇ. ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ ಇದು. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸ್ ಊರಿನವರು ಸಾಕ್ರಟೀಸನಿಗೆ ವಿಷ ಕುಡಿಸಿದರು. ರಾಜ ಕೊಟ್ಟ ಶಿಕ್ಷೆ ಅಲ್ಲ ಅದು. ನೂರಾರು ಜನ ಕೂತು, ಓಟು ಹಾಕಿ, ಎಣಿಸಿ ಕೊಟ್ಟದ್ದು. ಅದನ್ನು ಕಂಡ ಶಿಷ್ಯ ಪ್ಲೇಟೋ ಹಡಗಿನ ಉದಾಹರಣೆ ಕೊಟ್ಟ. ನಕ್ಷತ್ರ ನೋಡಿ ದಾರಿ ತಿಳಿಯುವವನನ್ನು ಮೂಲೆಗೆ ಕೂರಿಸಿ, ಹಡಗಿನ ಯಜಮಾನನನ್ನು ಮರುಳು ಮಾಡಿದವರು ಚುಕ್ಕಾಣಿ ಹಿಡಿಯುತ್ತಾರೆ ಅಂತ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯದ ಪರ ಅಷ್ಟು ಬರೆದವನು. ಅವನೂ ಓದಿದವರಿಗೆ ಒಂದಕ್ಕಿಂತ ಜಾಸ್ತಿ ಓಟು ಇರಲಿ ಎಂದಿದ್ದ.

ಸ್ಕೂಟರ್ ಓಡಿಸಲು ಲೈಸೆನ್ಸ್ ಪರೀಕ್ಷೆ ಇದೆ. ದೇಶ ಓಡಿಸುವವರನ್ನು ಆರಿಸಲು ಹದಿನೆಂಟು ತುಂಬಿದರೆ ಸಾಕಾ? ಒಂದು ಚಿಕ್ಕ ಪರೀಕ್ಷೆ ಇಟ್ಟರೆ ತಪ್ಪೇನು? ಸಂಸದ ಏನು ಮಾಡಬೇಕು, ಕಾರ್ಪೊರೇಟರ್ ಏನು ಮಾಡಬೇಕು, ಇಷ್ಟು ತಿಳಿದಿದ್ದರೆ ಸಾಕು.

ಬೈಂದೂರಿನವ, ಅಂಧೇರಿ:

ಇಂಜಿನಿಯರ್ ಸರ್, ಬೇಜಾರು ಮಾಡಿಕೊಳ್ಳಬೇಡಿ, ಈ ಮಾತು ನನಗೆ ನಾಟಿತು. ನಾನು ಏಳನೇ ಕ್ಲಾಸು ಮುಗಿಸಿ ಊರು ಬಿಟ್ಟವನು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಓದಿದವನು. ನಿಮ್ಮ ಪರೀಕ್ಷೆ ಇದ್ದಿದ್ದರೆ ಎಷ್ಟೋ ವರ್ಷ ಫೇಲಾಗುತ್ತಿದ್ದೆ.

ನಮ್ಮ ಅಡುಗೆಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬುವ ಹುಡುಗನನ್ನು ಕೇಳಿ. ಉದ್ದಿನ ಬೇಳೆ ಎಷ್ಟು ಏರಿತು, ಸಿಲಿಂಡರ್ ಎಷ್ಟಾಯಿತು, ಊರಲ್ಲಿ ಅಮ್ಮನ ಪಿಂಚಣಿ ಯಾವ ತಿಂಗಳು ಬರಲಿಲ್ಲ, ಎಲ್ಲ ಬಾಯಲ್ಲೇ ಇದೆ. ಸರ್ಕಾರ ನಡೆಯುವುದು ಅವನ ಮೈಮೇಲೆ. ಅವನಿಗೆ ತಿಳಿಯದೆ ಇನ್ಯಾರಿಗೆ ತಿಳಿಯುತ್ತದೆ ಮಾರಾಯ್ರೇ?

ಈಗ ನಾನು ಕಂಡ ಕೊರತೆ ಹೇಳುತ್ತೇನೆ. ಆ ಹುಡುಗನಿಗೆ ಓಟು ಇದೆ, ಹಾಕಲು ಆಗುವುದಿಲ್ಲ. 2024ರಲ್ಲಿ ನಮ್ಮ ಹೋಟೆಲಿನಲ್ಲಿ ಊರಿನವರು ಒಂಬತ್ತು ಜನ ಇದ್ದೆವು. ಕುಂದಾಪುರದವರಿಗೆ ಮತದಾನ ಏಪ್ರಿಲ್ 26. ನಮ್ಮ ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ, ನಮಗೆ ಮೇ 7. ಮುಂಬೈಗೆ ಮೇ 20. ಒಂಬತ್ತರಲ್ಲಿ ಊರಿಗೆ ಹೋಗಿ ಓಟು ಹಾಕಿದವರು ಇಬ್ಬರು. ಹೋಗಿ ಬರಲು ನಾಲ್ಕು ದಿನದ ಸಂಬಳ ಹೋಗುತ್ತದೆ. ಮೇ ತಿಂಗಳು ಬೇರೆ, ರೈಲಿನಲ್ಲಿ ಜಾಗ ಸಿಗುವುದಿಲ್ಲ. ಇಲ್ಲಿಗೆ ಹೆಸರು ಬದಲಿಸೋಣ ಅಂದರೆ ಬಾಡಿಗೆ ಖೋಲಿಗೆ ಕಾಗದ ಎಲ್ಲಿಂದ ತರುವುದು? ನಾವು ಮಲಗುವುದೇ ಹೋಟೆಲಿನ ಮಾಳಿಗೆಯಲ್ಲಿ.

2022ರ ಕೊನೆಯಲ್ಲಿ ಚುನಾವಣಾ ಆಯೋಗ ನಮ್ಮಂಥ ವಲಸಿಗರಿಗೆ ಇದ್ದ ಊರಿನಿಂದಲೇ ಓಟು ಹಾಕುವ ಯಂತ್ರ ತರುತ್ತೇವೆ ಎಂದಿತ್ತು. ನಾವೆಲ್ಲ ಖುಷಿಪಟ್ಟೆವು. ವಿರೋಧ ಪಕ್ಷಗಳು ಒಪ್ಪಲಿಲ್ಲ. 2024ಕ್ಕೆ ಅದು ಬರಲೇ ಇಲ್ಲ.

ಇನ್ನು ಓದಿದವರು? 2024ರ ನವೆಂಬರಿನ ವಿಧಾನಸಭೆ ಚುನಾವಣೆಯಲ್ಲಿ ಕೊಲಾಬಾ ಕ್ಷೇತ್ರದಲ್ಲಿ ಅರ್ಧಕ್ಕರ್ಧ ಮತದಾರರೂ ಬೂತಿಗೆ ಬರಲಿಲ್ಲ. ಮನೆಯಿಂದ ಬೂತಿಗೆ ಹತ್ತು ನಿಮಿಷದ ದಾರಿ. ನಿಮ್ಮ ಪರೀಕ್ಷೆ ಪಾಸು ಮಾಡುವವರೇ ತುಂಬಿರುವ ಜಾಗ ಅದು.

ಗಣಿತದ ಟೀಚರ್, ಮುಲುಂಡ್:

ಬೈಂದೂರಿನ ತಮ್ಮ, ಒಳ್ಳೆಯ ಮಾತು. ಇಂಜಿನಿಯರ್ ಅವರಿಗೆ ಒಂದು ನೆನಪು. ಓಟಿಗೆ ಆಸ್ತಿ, ತೆರಿಗೆ, ಓದು ಬೇಕು ಅನ್ನುವ ನಿಯಮ ನಮ್ಮಲ್ಲಿ ಇತ್ತು. 1935ರ ಬ್ರಿಟಿಷ್ ಕಾಯ್ದೆಯಲ್ಲಿ. ಆಗ ಬಹುಪಾಲು ಜನ ಹೊರಗೇ ಉಳಿದರು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಸುಮಾರು ಶೇಕಡಾ 18. ಪರೀಕ್ಷೆ ಇಟ್ಟಿದ್ದರೆ ನನ್ನ ಅಮ್ಮ, ಅಜ್ಜಿ ಇಬ್ಬರಿಗೂ ಓಟು ಇರುತ್ತಿರಲಿಲ್ಲ.

ಆದರೆ ಜನ ತಪ್ಪೇ ಮಾಡುವುದಿಲ್ಲ ಅಂತ ನಾನೂ ಹೇಳುವುದಿಲ್ಲ. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ, ನಮ್ಮದೇ ಮುಂಬೈಯಲ್ಲಿ, ಬಾಂಬೆ ಉತ್ತರ ಕ್ಷೇತ್ರದಲ್ಲಿ ಡಾ. ಅಂಬೇಡ್ಕರ್ ಸೋತರು. ಎಲ್ಲರಿಗೂ ಓಟು ಇರಲಿ ಅಂತ ಪಟ್ಟು ಹಿಡಿದವರನ್ನು ಅದೇ ಓಟು ಸೋಲಿಸಿತು. ಇದನ್ನು ಕ್ಲಾಸಿನಲ್ಲಿ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

ಮಾಟುಂಗಾ ವಕೀಲ:

ಚರ್ಚೆ ಚೆನ್ನಾಗಿದೆ. ನಾನು ಲೆಕ್ಕದ ಕಡೆಗೇ ಬರುತ್ತೇನೆ, ಟೀಚರಿಗೆ ಇಷ್ಟವಾಗಬಹುದು. ನಿಮ್ಮ ಸೊಸೈಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಲೇಬೇಕು. ದೇಶ ನಡೆಸಲು ಅಷ್ಟೂ ಬೇಡ. ಪಕ್ಕದವನಿಗಿಂತ ಒಂದು ಓಟು ಜಾಸ್ತಿ ಬಂದರೆ ಸಾಕು.

2014ರಲ್ಲಿ ಬಿಜೆಪಿಗೆ ಬಂದ ಓಟು ಶೇಕಡಾ 31, ಸೀಟು 282. ಅರ್ಧಕ್ಕಿಂತ ಜಾಸ್ತಿ. ಅದೇ ಚುನಾವಣೆಯಲ್ಲಿ ಬಿಎಸ್‌ಪಿಗೆ ಶೇಕಡಾ 4ರ ಮೇಲೆ ಓಟು ಬಂತು, ಸೀಟು ಸೊನ್ನೆ. ಕರ್ನಾಟಕದಲ್ಲಿ 2018ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇಕಡಾ 38, ಬಿಜೆಪಿಗೆ ಸುಮಾರು 36. ಆದರೆ 104 ಸೀಟು ಗೆದ್ದು ದೊಡ್ಡ ಪಕ್ಷವಾದದ್ದು ಬಿಜೆಪಿ. ಯಾರ ಪರವಾಗಿಯೂ ಹೇಳುತ್ತಿಲ್ಲ. ಹಿಂದೆ ಕಾಂಗ್ರೆಸ್ ಕೂಡ ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ ಓಟಿನಲ್ಲೇ ಭಾರೀ ಬಹುಮತ ಪಡೆದಿದೆ. 2024ರಲ್ಲಿ ಮುಂಬೈ ವಾಯವ್ಯ ಕ್ಷೇತ್ರದಲ್ಲಿ ಇಬ್ಬರಿಗೂ ನಾಲ್ಕೂವರೆ ಲಕ್ಷದ ಮೇಲೆ ಓಟು, ಅಂತರ 48. ಸೋತವರ ಹಿಂದೆ ನಿಂತ ನಾಲ್ಕೂವರೆ ಲಕ್ಷ ಜನರ ಓಟು ಎಲ್ಲಿ ಹೋಯಿತು? ನಿಮ್ಮ ಆ 12 ಮನೆಗಳ ಹಾಗೆ, ರಿಜಿಸ್ಟರಿನಲ್ಲಿ ಒಂದು ಅಂಕಿಯಾಗಿ ಉಳಿಯಿತು.

ಎರಡನೆಯದು ಪಕ್ಷಾಂತರ. 1967ರಲ್ಲಿ ಹರಿಯಾಣದ ಒಬ್ಬ ಶಾಸಕ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದ್ದರು. ಅಲ್ಲಿಂದಲೇ 'ಆಯಾರಾಮ್ ಗಯಾರಾಮ್' ಮಾತು ಹುಟ್ಟಿದ್ದು. 1985ರಲ್ಲಿ ಅದನ್ನು ತಡೆಯಲು ಕಾನೂನು ಬಂತು. ಈಗ ಅದು ಹೇಗಿದೆ ಅಂದರೆ, ಒಬ್ಬ ಹಾರಿದರೆ ಅನರ್ಹ. ಮೂರರಲ್ಲಿ ಎರಡು ಪಾಲು ಶಾಸಕರು ಒಟ್ಟಿಗೆ ಹಾರಿದರೆ ಅದಕ್ಕೆ ಹೆಸರು ವಿಲೀನ. ಇನ್ನೊಂದು ಕಡೆ, ಪಕ್ಷದೊಳಗೇ ಇದ್ದು ಒಂದು ಮಸೂದೆಗೆ ಮನಸ್ಸಾಕ್ಷಿಯಿಂದ ವಿರೋಧವಾಗಿ ಓಟು ಹಾಕಿದರೆ, ವಿಪ್, ಅಂದರೆ ಪಕ್ಷದ ಆದೇಶ, ಮುರಿದ ಅಂತ ಸೀಟು ಹೋಗುತ್ತದೆ. ಪ್ರಾಮಾಣಿಕನ ಬಾಯಿಗೆ ಬೀಗ, ಗುಂಪಾಗಿ ಹೋಗುವವರಿಗೆ ಬಾಗಿಲು. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಇದಕ್ಕಿಂತ ತಲೆಕೆಳಗಾದ ನಿಯಮ ಜಾಸ್ತಿ ಕಂಡಿಲ್ಲ.

ಪವಾಯಿ ಗೃಹಿಣಿ:

ವಕೀಲರೇ, ಇದನ್ನು ನಾನು ಕಣ್ಣಾರೆ ಕಂಡವಳು. 2019ರ ಜುಲೈ. ಕರ್ನಾಟಕದಲ್ಲಿ ರಾಜೀನಾಮೆ ಕೊಟ್ಟ ಶಾಸಕರು ನಮ್ಮ ಪವಾಯಿಯ ಹೋಟೆಲಿನಲ್ಲಿ ಬಂದು ಕೂತಿದ್ದರು. ಮಗಳನ್ನು ಶಾಲೆಯಿಂದ ಕರೆತರುವಾಗ ನೋಡಿದರೆ ಗೇಟಿನ ಮುಂದೆ ಬ್ಯಾರಿಕೇಡ್, ಪೊಲೀಸರು, ಟಿವಿಯವರ ವ್ಯಾನು. ಆಗ ಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರನ್ನೂ ಒಳಗೆ ಬಿಡಲಿಲ್ಲ. ಗಂಟೆಗಟ್ಟಲೆ ಹೊರಗೆ ಕೂತಿದ್ದರು.

ನನ್ನ ತವರು ಉತ್ತರ ಕರ್ನಾಟಕ. ಅಮ್ಮನ ಕ್ಷೇತ್ರದ ಶಾಸಕರೂ ಆ ಗುಂಪಿನಲ್ಲಿ ಇದ್ದರು. ರಾತ್ರಿ ಅಮ್ಮ ಫೋನ್ ಮಾಡಿದಳು.

"ಅವರು ಕಂಡರಾ?"

"ಇಲ್ಲಮ್ಮ, ಗೇಟು ಮಾತ್ರ ಕಂಡಿತು."

"ಒಂದು ಮಾತು ಹೇಳಿ ಹೋಗಬಹುದಿತ್ತು. ಬಿಸಿಲಿನಲ್ಲಿ ಎರಡು ತಾಸು ನಿಂತು ಓಟು ಹಾಕಿದ್ದೆ."

ಅಮ್ಮನಿಗೆ ಯಾವ ಪಕ್ಷದ ಮೇಲೂ ಸಿಟ್ಟಿರಲಿಲ್ಲ. ಹೇಳದೆ ಹೋದರಲ್ಲ ಅನ್ನುವುದೇ ಅವಳ ನೋವು. ಅದೇ ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ಆಯಿತು. 12 ಕಡೆ ಬಿಜೆಪಿ ಗೆದ್ದಿತು, ಪಕ್ಷ ಬದಲಿಸಿದವರಲ್ಲಿ ಬಹಳ ಜನ ಮತ್ತೆ ಶಾಸಕರಾದರು. ಅಮ್ಮನ ಕ್ಷೇತ್ರದಲ್ಲೂ ಅವರೇ ಗೆದ್ದರು. ಯಾರಿಗೆ ಹಾಕಿದೆ ಅಂತ ನಾನು ಕೇಳಿದೆ. ಅಮ್ಮ ಹೇಳಲಿಲ್ಲ.

ವಾಸ್ಕೋ ಕನ್ನಡಿಗ:

ಅಕ್ಕ, ನಮ್ಮ ಗೋವಾದಲ್ಲಿ 40 ಶಾಸಕರ ಸಭೆ. ಚಿಕ್ಕ ಸಭೆ, ಹಾಗಾಗಿ ನಾಲ್ಕು ಜನ ಅತ್ತಿತ್ತ ಆದರೆ ಸರ್ಕಾರವೇ ಅಲುಗಾಡುತ್ತದೆ. 2019ರಲ್ಲಿ ಕಾಂಗ್ರೆಸ್ಸಿನ 15ರಲ್ಲಿ 10 ಶಾಸಕರು ಬಿಜೆಪಿಗೆ ಹೋದರು. ಸರಿಯಾಗಿ ಮೂರರಲ್ಲಿ ಎರಡು. 2022ರ ಚುನಾವಣೆಗೆ ಮೊದಲು ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ಗುಡಿ, ಚರ್ಚು, ದರ್ಗಾ ಮೂರಕ್ಕೂ ಕರೆದೊಯ್ದು ಪಕ್ಷ ಬಿಡುವುದಿಲ್ಲ ಅಂತ ಆಣೆ ಮಾಡಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೆದ್ದ 11ರಲ್ಲಿ 8 ಜನ ಬಿಜೆಪಿಗೆ ಹೋದರು.

ಒಬ್ಬ ಮತದಾರನಿಗೆ ಇದು ಎಷ್ಟು ಅವಮಾನ ಅಂತ ಯೋಚಿಸಿ. ಕೊಟ್ಟ ಓಟನ್ನು ವಾಪಸ್ ಕೇಳಲು ಐದು ವರ್ಷ ದಾರಿ ಇಲ್ಲ. ಇಲ್ಲಿ ಕನ್ನಡಿಗರ ಬಸ್ತಿಗಳಿಗೆ ಚುನಾವಣೆ ಸಮಯದಲ್ಲಿ ಎಲ್ಲರೂ ಬರುತ್ತಾರೆ. "ನೀವು ನಮ್ಮವರೇ" ಅನ್ನುತ್ತಾರೆ. ಎಣಿಕೆ ಮುಗಿದ ವಾರ ನಾವು "ಹೊರಗಿನವರು".

ಪುಣೆ ಇಂಜಿನಿಯರ್, ಊರು ವಿಜಯಪುರ:

ಎಲ್ಲರ ಮಾತೂ ಓದಿದೆ. ಪರೀಕ್ಷೆಯ ಮಾತನ್ನು ಬಿಡುತ್ತೇನೆ. ಬೈಂದೂರಿನ ಅಣ್ಣನ ಉತ್ತರಕ್ಕೆ ನನ್ನ ಹತ್ತಿರ ಜವಾಬಿಲ್ಲ. ನನ್ನ ಅಪ್ಪನೂ ನಾಲ್ಕನೇ ಕ್ಲಾಸು ಓದಿದವರು.

ಆದರೆ ನೀವೇ ಹೇಳಿದ್ದನ್ನು ಕೂಡಿಸಿ ನೋಡಿ. ಕಡಿಮೆ ಓಟಿನಲ್ಲಿ ಗೆಲುವು, ಗೆದ್ದವರು ಹೋಟೆಲಿನಲ್ಲಿ, ಕೇಳಿದವರಿಗೆ ಉತ್ತರ ಇಲ್ಲ. ಹೀಗಿದ್ದರೆ ಒಬ್ಬ ಗಟ್ಟಿ ಮನುಷ್ಯನ ಕೈಗೆ ಹತ್ತು ವರ್ಷ ಕೊಟ್ಟು ನೋಡಬಾರದಾ? ಸಿಂಗಪುರ ಹಾಗೇ ಬೆಳೆಯಿತು. ಇಲ್ಲಿ ಒಂದು ಸೇತುವೆಗೆ ನಾಲ್ಕು ಕಚೇರಿ, ಎರಡು ಚುನಾವಣೆ, ಹತ್ತು ಸ್ಟೇ ಆರ್ಡರ್. ನಾನು ದಿನಾ ಮೂರು ತಾಸು ಟ್ರಾಫಿಕ್ಕಿನಲ್ಲಿ ಕೂರುತ್ತೇನೆ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಬೇಸತ್ತು ಕೇಳುತ್ತಿದ್ದೇನೆ.

ವಾಸ್ಕೋ ಕನ್ನಡಿಗ:

ಇಂಜಿನಿಯರ್, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಗಟ್ಟಿ ಮನುಷ್ಯನ ಆಳ್ವಿಕೆ ನೋಡಲು ಸಿಂಗಪುರಕ್ಕೆ ಹೋಗಬೇಕಾಗಿಲ್ಲ, ಗೋವಾಕ್ಕೆ ಬನ್ನಿ. 1961ರ ಡಿಸೆಂಬರ್ 19ರವರೆಗೆ ನಮ್ಮ ಈ ನೆಲ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಜಾರನ ಕೆಳಗಿತ್ತು. ಅನುಮತಿ ಇಲ್ಲದೆ ನಾಲ್ಕು ಜನ ಸೇರಿ ಸಭೆ ಮಾಡುವ ಹಾಗಿರಲಿಲ್ಲ. 1946ರ ಜೂನ್ 18ರಂದು ಮಡಗಾವಿನಲ್ಲಿ ರಾಮಮನೋಹರ ಲೋಹಿಯಾ ಮಾತಾಡಲು ನಿಂತರು, ಬಂಧಿಸಿದರು. ಬ್ರಿಟಿಷರು ಹೋಗಿ ಹದಿನಾಲ್ಕು ವರ್ಷ ಆದ ಮೇಲೂ ಇಲ್ಲಿಯ ಜನಕ್ಕೆ ಆ ಮನುಷ್ಯನನ್ನು ಇಳಿಸುವ ದಾರಿ ಇರಲಿಲ್ಲ. ಕೊನೆಗೆ ಸೈನ್ಯ ಬರಬೇಕಾಯಿತು.

ಅದೇ ಗೋವಾದಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರಕ್ಕೆ ಸೇರಬೇಕಾ ಬೇಡವಾ ಅಂತ ಜನರನ್ನೇ ಕೇಳಿದರು. ಬೇಡ ಅಂದರು, ಸೇರಿಸಲಿಲ್ಲ. ಐದೇ ವರ್ಷದ ಅಂತರ ನೋಡಿ. ಗಟ್ಟಿ ಮನುಷ್ಯ ಒಳ್ಳೆಯವನಾದರೆ ನಿಮ್ಮ ಅದೃಷ್ಟ. ಕೆಟ್ಟವನಾದರೆ ಏನು ಮಾಡುತ್ತೀರಿ?

ಮಾಟುಂಗಾ ವಕೀಲ:

ಇದಕ್ಕೆ ಒಂದೇ ಮಾತು ಸೇರಿಸುತ್ತೇನೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಆತ್ಮಕ್ಕೆ ದಾರಿ ಆಗಬಹುದು, ರಾಜಕೀಯದಲ್ಲಿ ಭಕ್ತಿ ಕೊನೆಗೆ ಸರ್ವಾಧಿಕಾರಕ್ಕೇ ಒಯ್ಯುತ್ತದೆ ಅನ್ನುವ ಅರ್ಥದ ಮಾತು. ತುರ್ತುಪರಿಸ್ಥಿತಿಯ ಆ 21 ತಿಂಗಳು ಬೇಗ ನಿರ್ಧಾರ ಆಗುತ್ತಿತ್ತು, ನಿಜ. ಪ್ರಶ್ನೆ ಕೇಳಿದವರು ಜೈಲಿನಲ್ಲಿದ್ದರು, ಅದೂ ನಿಜ.

ಊರು ಬೇಡ, ಹೆಸರು ಬೇಡ:

ನನ್ನ ಅನುಭವ ಹೇಳುತ್ತೇನೆ. ಯಾವ ಪಾಲಿಕೆ, ಯಾವ ಕಚೇರಿ ಅಂತ ಬರೆಯುವುದಿಲ್ಲ. ನಮ್ಮ ಗಲ್ಲಿಯ ಗಟಾರದ ಮುಚ್ಚಳ ಒಡೆದಿತ್ತು. ಮಳೆ ಬಂದರೆ ರಸ್ತೆ ಯಾವುದು, ಗುಂಡಿ ಯಾವುದು ಗೊತ್ತಾಗುತ್ತಿರಲಿಲ್ಲ. ಅರ್ಜಿ ಕೊಟ್ಟೆ. "ಇದು ನಮ್ಮದಲ್ಲ, ರಸ್ತೆ ವಿಭಾಗ" ಅಂದರು. ಅಲ್ಲಿ ಹೋದರೆ "ಒಳಚರಂಡಿ ವಿಭಾಗ". ಮೊದಲಾದರೆ ಕಾರ್ಪೊರೇಟರ್ ಮನೆ ಮುಂದೆ ಹತ್ತು ಹೆಂಗಸರು ಹೋಗಿ ನಿಲ್ಲುತ್ತಿದ್ದೆವು. ಆ ಮನುಷ್ಯ ಬೈಸಿಕೊಂಡಾದರೂ ಕೆಲಸ ಮಾಡಿಸುತ್ತಿದ್ದ. ಆ ವರ್ಷ ಕಾರ್ಪೊರೇಟರೇ ಇರಲಿಲ್ಲ. ಅವಧಿ ಮುಗಿದಿತ್ತು, ಚುನಾವಣೆ ಆಗಿರಲಿಲ್ಲ. ಪಕ್ಕದ ಮನೆಯ ಹುಡುಗ ಆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡ. ಆಮೇಲೆ ನಾವೇ ದುಡ್ಡು ಸೇರಿಸಿ ಕಲ್ಲುಚಪ್ಪಡಿ ಹಾಕಿಸಿದೆವು.

ಮಾಟುಂಗಾ ವಕೀಲ:

ಇಷ್ಟು ಹೊತ್ತು ನಾವೆಲ್ಲ ದೂರ ದೂರ ಸುತ್ತಿದೆವು. ಈ ತಂಗಿ ಬೇರಿಗೇ ಕೈ ಹಾಕಿದರು. ಮುಂಬೈ ಮಹಾನಗರ ಪಾಲಿಕೆಯದ್ದೇ ತೆಗೆದುಕೊಳ್ಳಿ. 227 ಕಾರ್ಪೊರೇಟರುಗಳ ಅವಧಿ 2022ರ ಮಾರ್ಚ್ 7ಕ್ಕೆ ಮುಗಿಯಿತು. ವಾರ್ಡುಗಳ ಸಂಖ್ಯೆ, ಹಿಂದುಳಿದ ವರ್ಗಗಳ ಮೀಸಲಾತಿ ಅಂತ ವಿಷಯ ಕೋರ್ಟಿಗೆ ಹೋಯಿತು. ಮುಂದಿನ ಮತದಾನ ನಡೆದದ್ದು 2026ರ ಜನವರಿ 15ರಂದು. ಹತ್ತಿರ ಹತ್ತಿರ ನಾಲ್ಕು ವರ್ಷ ಆಡಳಿತಾಧಿಕಾರಿಯೇ ಎಲ್ಲ. 2025-26ರ ಬಜೆಟ್ 74,000 ಕೋಟಿ ರೂಪಾಯಿ ಮೀರಿತ್ತು. ಅದರಲ್ಲಿ ಒಂದು ರೂಪಾಯಿಗೂ ಚುನಾಯಿತ ಕಾರ್ಪೊರೇಟರ್ ಒಬ್ಬರೂ ಕೈ ಎತ್ತಿಲ್ಲ.

ಕಾರ್ಪೊರೇಟರುಗಳು ಇದ್ದಾಗಲೂ 1888ರ ಕಾಯ್ದೆ ಪ್ರಕಾರ ಕೆಲಸ ಮಾಡಿಸುವ ಅಧಿಕಾರ ಕಮಿಷನರ್ ಕೈಯಲ್ಲಿ. ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ಮೇಯರಿಗೆ ಗೌರವ ಇದೆ, ಅಧಿಕಾರ ಅಷ್ಟಿಲ್ಲ. ಹಾಗಾಗಿ ನಾವು ಓಟು ಹಾಕುವವರು ಒಬ್ಬರು, ಕೆಲಸ ಮಾಡಬೇಕಾದವರು ಇನ್ನೊಬ್ಬರು. ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕು ಅಂತ ಮತದಾರನಿಗೇ ತಿಳಿಯುವುದಿಲ್ಲ.

ಬೈಂದೂರಿನವ, ಅಂಧೇರಿ:

ನಮ್ಮ ಅಂಧೇರಿ ಪೂರ್ವದಲ್ಲಿ 2022ರ ನವೆಂಬರಿನಲ್ಲಿ ಉಪಚುನಾವಣೆ ಆಯಿತು. ಎರಡನೇ ಸ್ಥಾನ ಬಂದದ್ದು ನೋಟಾಕ್ಕೆ, 12,000ಕ್ಕೂ ಜಾಸ್ತಿ ಓಟು. ಅಷ್ಟು ಜನ ಸಾಲಿನಲ್ಲಿ ನಿಂತು "ಯಾರೂ ಬೇಡ" ಅಂತ ಒತ್ತಿ ಬಂದರು. ಯಾಕೆ ಬೇಡ ಅಂತ ಅವರನ್ನು ಕೇಳಿದವರು ಯಾರೂ ಇಲ್ಲ. ಓಟಿನ ಯಂತ್ರಕ್ಕೆ ಗುಂಡಿ ಇದೆ, ಕಿವಿ ಇಲ್ಲ.

ಗಣಿತದ ಟೀಚರ್, ಮುಲುಂಡ್:

ನಿಮ್ಮೆಲ್ಲರ ಮಾತು ಎರಡೆರಡು ಸಲ ಓದಿದೆ. ನನಗೆ ನಿದ್ದೆ ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಗುತ್ತಿದೆ. 16 ದೊಡ್ಡದು, 12 ಚಿಕ್ಕದು. ಅದರ ಬಗ್ಗೆ ನನಗೆ ತಕರಾರಿಲ್ಲ. ಎಣಿಸಿ ಮುಗಿಸಿದ ಕೂಡಲೇ ನಾವು ಎದ್ದುಬಿಟ್ಟೆವಲ್ಲ, ಅದು ತಪ್ಪು. ಅಜ್ಜಿ ಕೇಳಿದ್ದು ಪ್ರಶ್ನೆ. ನಾವು ಕೊಟ್ಟದ್ದು ಅಂಕಿ. ಪವಾಯಿಯ ತಂಗಿಯ ಅಮ್ಮನಿಗೂ, ಗಟಾರದ ಹತ್ತಿರ ನಿಂತ ಹೆಂಗಸರಿಗೂ, ಅಂಧೇರಿಯ ಆ 12,000 ಜನಕ್ಕೂ ಆದದ್ದು ಇದೇ.

ನಿನ್ನೆ ಸಂಜೆ ಅಜ್ಜಿಯ ಮನೆಗೆ ಹೋಗಿದ್ದೆ. ಕೈ ಎತ್ತಿದವರಲ್ಲಿ ಇನ್ನೂ ಇಬ್ಬರು ಬಂದರು. ಅಜ್ಜಿ ಮೊದಲು ಮಾತಾಡಲಿಲ್ಲ, ಒಳಗೆ ಹೋಗಿ ಅವಲಕ್ಕಿ ತಂದಿಟ್ಟರು. ಆಮೇಲೆ ನಿಧಾನಕ್ಕೆ ಹೇಳಿದರು. ಅವರಿಗೆ ಹೊಸ ಮನೆಯ ಚಿಂತೆ ಅಲ್ಲ. ಬಾಡಿಗೆ ಮನೆ ದೂರ ಸಿಕ್ಕರೆ ಈಗಿನ ಡಾಕ್ಟರು ತಪ್ಪುತ್ತಾರೆ, ದೇವಸ್ಥಾನ ತಪ್ಪುತ್ತದೆ, ಮೆಟ್ಟಿಲು ಹತ್ತಲು ಆಗುವುದಿಲ್ಲ. ಒಬ್ಬಂಟಿ ಮುದುಕಿಗೆ ಯಾರೂ ಬಾಡಿಗೆಗೆ ಕೊಡುವುದಿಲ್ಲ ಅನ್ನುವ ಭಯ ಬೇರೆ. ಇದನ್ನು ಅವರು ಮೀಟಿಂಗಿನಲ್ಲಿ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಈಗ 12 ಮನೆಯವರೂ ತಮಗೆ ಏನು ಬೇಕು ಅಂತ ಬರೆದು ಕೊಡುತ್ತಾರೆ. ಅದು ಕರಾರಿನಲ್ಲಿ ಸೇರುವವರೆಗೆ ನಾವು ಮೂವರು ಸಹಿ ಹಾಕುವುದಿಲ್ಲ ಅಂತ ಸೆಕ್ರೆಟರಿಗೆ ಹೇಳಿದ್ದೇವೆ. ಅವರಿಗೆ ಸಿಟ್ಟು ಬಂದಿದೆ. ಬರಲಿ.

ಪುಣೆ ಇಂಜಿನಿಯರ್, ಊರು ವಿಜಯಪುರ:

16ರಲ್ಲಿ ಮೂವರು ಹಿಂದೆ ಸರಿದರೆ 13. ಆಗ ಶೇಕಡಾ 51 ಆಗುವುದಿಲ್ಲ. ಟೀಚರ್, ನೀವು ಲೆಕ್ಕ ಮಾಡಿಯೇ ಹೋಗಿದ್ದೀರಿ.

ಗಣಿತದ ಟೀಚರ್, ಮುಲುಂಡ್:

ಹೌದು, ಮಾಡಿಯೇ ಹೋಗಿದ್ದೆ.

ಬೈಂದೂರಿನವ, ಅಂಧೇರಿ:

ಟೀಚರ್, ಮುಲುಂಡ್ ಪೂರ್ವದಲ್ಲಿ ನಮ್ಮ ಊರಿನವರದ್ದೇ ಒಂದು ಖೋಲಿ ಖಾಲಿ ಆಗುತ್ತಿದೆ. ಒಬ್ಬರೇ ಇದ್ದರೂ ಕೊಡುತ್ತಾರೆ, ನಾನು ಮಾತಾಡುತ್ತೇನೆ. ಅಜ್ಜಿಗೆ ಆಗುತ್ತದಾ ನೋಡಿ.

ಗಣಿತದ ಟೀಚರ್, ಮುಲುಂಡ್:

ಎಷ್ಟನೇ ಮಹಡಿ? ಲಿಫ್ಟ್ ಇದೆಯಾ?

ಬೈಂದೂರಿನವ, ಅಂಧೇರಿ:

ನೆಲಮಹಡಿ. ಬಾಗಿಲಿಗೆ ಎರಡೇ ಮೆಟ್ಟಿಲು.

ಗಣಿತದ ಟೀಚರ್, ಮುಲುಂಡ್:

ಭಾನುವಾರ ಬೆಳಿಗ್ಗೆ ಅಜ್ಜಿಯನ್ನೇ ಕರೆದುಕೊಂಡು ಬರುತ್ತೇನೆ. ಅವರು ನೋಡಿ ಹೇಳಲಿ.